ಪಕ್ಕದ ಸೀಟು: ಟೋಕಿಯೊ ರೈಲಿನಿಂದ ಇಜೇರಿ ಬಸ್ಸಿನ ತನಕ

ಈ ಸಲದ ಅಧ್ಯಯನ ಲೇಖನಕ್ಕೆ ಲ್ಯಾಬ್ ಬೇಕಾಗಿಲ್ಲ, ಬಸ್ ಪಾಸ್ ಇದ್ದರೆ ಸಾಕು. ಪ್ರಶ್ನೆ ಇಷ್ಟೇ: ಬಸ್ಸಿನಲ್ಲೋ ರೈಲಿನಲ್ಲೋ ಪರದೇಶದವರು, ಪರಊರಿನವರು ಹತ್ತಿದಾಗ ಉಳಿದ ಪ್ರಯಾಣಿಕರು ಅವರನ್ನು ಹೇಗೆ ನಡೆಸಿಕೊಳ್ಳುತ್ತಾರೆ? ದೂರದ ಉದಾಹರಣೆಯಾಗಿ ಜಪಾನನ್ನು ತಗೊಳ್ಳೋಣ. ಹತ್ತಿರದ್ದು ನಮ್ಮ ಜೇವರ್ಗಿ ತಾಲ್ಲೂಕಿನ ಇಜೇರಿ ಬಸ್ಸು. ಇವೆರಡರ ನಡುವೆ ಬೆಂಗಳೂರಿನ ಒಂದು ಕಹಿ ಘಟನೆಯನ್ನೂ ನೋಡಲೇಬೇಕು.

1. ಜಪಾನಿನ ಖಾಲಿ ಸೀಟು

ಜಪಾನಿನ ರೈಲುಗಳ ಶಿಸ್ತಿನ ಬಗ್ಗೆ ನಾವೆಲ್ಲ ವಿಡಿಯೋ ನೋಡಿದ್ದೇವೆ. ಪ್ಲಾಟ್‌ಫಾರ್ಮಿನ ಮೇಲೆ ಗೆರೆ ಹಾಕಿರುತ್ತಾರೆ, ಜನ ಅಲ್ಲೇ ಸಾಲಾಗಿ ನಿಲ್ಲುತ್ತಾರೆ. ಇಳಿಯುವವರು ಇಳಿದ ಮೇಲೆಯೇ ಹತ್ತುತ್ತಾರೆ. ಒಳಗೆ ಫೋನು ಸೈಲೆಂಟ್, ಮಾತು ಮೆಲ್ಲಗೆ, ಬೆನ್ನಿನ ಬ್ಯಾಗು ಎದೆಯ ಮೇಲೆ. ವಯಸ್ಸಾದವರಿಗೆ ಮೀಸಲಾದ 'ಸಿಲ್ವರ್ ಸೀಟು' 1973ರ ಸೆಪ್ಟೆಂಬರ್ 15ರಂದು, ಅಲ್ಲಿನ ಹಿರಿಯರ ದಿನದಂದೇ, ಟೋಕಿಯೊದಲ್ಲಿ ಶುರುವಾಯಿತು. ಯಾರಿಗೂ ತೊಂದರೆ ಕೊಡಬಾರದು ಅನ್ನೋದು ಈ ಎಲ್ಲ ನಿಯಮಗಳ ಬೇರು.

ಅಲ್ಲಿ ನೆಲೆಸಿದ ವಿದೇಶಿಯರು ಬಹಳ ಸಲ ಹೇಳುವ ಮಾತು ಇನ್ನೊಂದಿದೆ: "ಗಾಡಿ ತುಂಬಿ ಜನ ನಿಂತಿದ್ದರೂ ನನ್ನ ಪಕ್ಕದ ಸೀಟು ಖಾಲಿ ಇರುತ್ತದೆ." ಹೊರಗಿನವರಿಗೆ ಜಪಾನಿ ಭಾಷೆಯಲ್ಲಿ 'ಗೈಜಿನ್' ಅನ್ನುತ್ತಾರೆ, ಅಕ್ಷರಶಃ 'ಹೊರಗಿನ ಮನುಷ್ಯ'. ನಮ್ಮ ಕಡೆ 'ಹೊರಗಿನಾಂವ' ಅಂದಂಗೇ. ಆ ಖಾಲಿ ಜಾಗಕ್ಕೂ 'ಗೈಜಿನ್ ಸೀಟು' ಅಂತ ಹೆಸರು ಬಿದ್ದಿದೆ.

ಯಾರೂ ಬೈದಿಲ್ಲ, ತಳ್ಳಿಲ್ಲ, ಗುರಾಯಿಸಿಲ್ಲ. ಹಂಗಾದ್ರೆ ಇದು ಅವಮಾನವೋ, ಸಂಕೋಚವೋ? "ಅವರು ಇಂಗ್ಲಿಷಿನಲ್ಲಿ ಏನಾದರೂ ಕೇಳಿದರೆ ಏನು ಮಾಡೋದು" ಅನ್ನುವ ಅಳುಕಿನಿಂದ ದೂರ ಕೂಡುವವರೂ ಇರಬಹುದು, ಮುಖ ನೋಡಿ ದೂರ ಸರಿಯುವವರೂ ಇರಬಹುದು. ಕೂತವನಿಗೆ ಮಾತ್ರ ಎರಡೂ ಒಂದೇ ಥರ ಕಾಣುತ್ತವೆ.

ಮಾತು ಬಾಯಿಂದ ಹೊರಗೆ ಬಂದ ಪ್ರಸಂಗವೂ ಇದೆ. 2016ರ ಅಕ್ಟೋಬರ್‌ನಲ್ಲಿ ಒಸಾಕಾದ ಕನ್ಸಾಯ್ ವಿಮಾನ ನಿಲ್ದಾಣಕ್ಕೆ ಹೋಗುವ ನಾನ್ಕಾಯ್ ರೈಲಿನಲ್ಲಿ ಕಂಡಕ್ಟರೊಬ್ಬರು ಮೈಕಿನಲ್ಲೇ, ಇವತ್ತು ವಿದೇಶಿ ಪ್ರಯಾಣಿಕರು ಹೆಚ್ಚಿದ್ದು ಗದ್ದಲವಾಗಿದೆ, ಜಪಾನಿ ಪ್ರಯಾಣಿಕರಿಗೆ ಅನನುಕೂಲವಾಗುತ್ತಿದೆ ಎಂಬ ಅರ್ಥದಲ್ಲಿ ಹೇಳಿಬಿಟ್ಟರು. ವಿದೇಶಿಯರ ಬಗ್ಗೆ ಪ್ರಯಾಣಿಕರೊಬ್ಬರು ಜೋರಾಗಿ ಗೊಣಗಿದ್ದನ್ನು ಕೇಳಿ ಹೀಗೆ ಮಾಡಿದೆ ಅಂತ ಆಮೇಲೆ ವಿವರಣೆ ಕೊಟ್ಟರು. ಇದರ ಮೇಲೆ ದೂರು ಕೊಟ್ಟವರು ಒಬ್ಬ ಜಪಾನಿ ಪ್ರಯಾಣಿಕರೇ. ಸಂಸ್ಥೆ ಕಂಡಕ್ಟರಿಗೆ ಎಚ್ಚರಿಕೆ ಕೊಟ್ಟಿತು. ಗೊಣಗಿದವರೂ ಪ್ರಯಾಣಿಕರು, ದೂರು ಕೊಟ್ಟವರೂ ಪ್ರಯಾಣಿಕರು ಅನ್ನುವುದನ್ನು ನೆನಪಿನಲ್ಲಿಡೋಣ.

2. ಇಜೇರಿ ಬಸ್ಸಿನ ಮೂರು ಪ್ರಶ್ನೆ

ಈಗ ನಮ್ಮ ಕಡೆ ಬರೋಣ. ಕಲಬುರಗಿಯಿಂದ ಜೇವರ್ಗಿಗೆ ಸುಮಾರು 40 ಕಿಲೋಮೀಟರ್. ಕಟ್ಟಿಸಂಗಾವಿ ಹತ್ತಿರ ಭೀಮಾ ನದಿ ದಾಟಬೇಕು. ಜೇವರ್ಗಿಯಿಂದ ಇಜೇರಿ ಕಡೆಯ ಬಸ್ಸು ಹಿಡಿದರೆ ಖಾಲಿ ಸೀಟಿನ ಸಮಸ್ಯೆಯೇ ಬರಲ್ಲ. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್, ದಸ್ತಿ, ಕೈಚೀಲ ಎಲ್ಲಾ ಒಳಗೆ ಬಿದ್ದಿರುತ್ತವೆ. ಮೂವರ ಸೀಟಿನಲ್ಲಿ ನಾಲ್ವರು. "ಜರಾ ಸರೀರಿ ಕಾಕಾ" ಅಂದ್ರೆ ಐದನೆಯವರಿಗೂ ಅರ್ಧ ಜಾಗ.

ಹೊಸ ಮುಖ ಹತ್ತಿತು ಅಂದ್ರೆ ಪ್ರಶ್ನೆ ಶುರು. "ಯಾವೂರ್ರೀ ನಿಮ್ದು?" "ಯಾರ ಮನಿಗಿ ಹೊಂಟೀರಿ?" ಮೂರನೆಯದು ಸ್ವಲ್ಪ ತಡೆದು ಬರುತ್ತದೆ: "ಯಾರ ಪೈಕಿ?" ಮೊದಲ ಎರಡಕ್ಕೆ ಉತ್ತರ ಕೊಟ್ಟ ಹುಡುಗನಿಗೆ ಇಳಿಯುವ ಸ್ಟಾಪು, ಹೋಗಬೇಕಾದ ಓಣಿ, ಆ ಮನೆಯ ಯಜಮಾನರು ಈಗ ಹೊಲದಾಗ ಇದಾರೋ ಮನ್ಯಾಗ ಇದಾರೋ, ಎಲ್ಲಾ ಮಾಹಿತಿ ಪುಕ್ಕಟೆ ಸಿಗುತ್ತದೆ. ಗೂಗಲ್ ಮ್ಯಾಪಿನಲ್ಲಿ ಇಷ್ಟು ಸಿಗಲ್ಲ.

ಇದನ್ನು ನೋಡಿ "ನಮ್ಮ ಜನ ಜಪಾನಿನವರಿಗಿಂತ ಪ್ರೀತಿಯವರು" ಅಂತ ಲೇಖನ ಮುಗಿಸಿಬಿಡಬಹುದಿತ್ತು. ಆದರೆ ಮೂರನೆಯ ಪ್ರಶ್ನೆ ಯಾಕೆ ಬರುತ್ತದೆ ಅಂತ ನಮಗೆಲ್ಲ ಗೊತ್ತು. 'ಯಾರ ಪೈಕಿ' ಅಂದರೆ ಜಾತಿ ಯಾವುದು ಅಂತ. ಆ ಉತ್ತರದ ಮೇಲೆ ಮಾತಿನ ಧಾಟಿ ಬದಲಾಗುವುದನ್ನು ನಮ್ಮಲ್ಲಿ ಎಷ್ಟೋ ಗೆಳೆಯರು ಅನುಭವಿಸಿದ್ದಾರೆ. ಜಪಾನಿನ ಮೌನ ಕೆಲವರನ್ನು ಹೊರಗಿಟ್ಟರೆ ನಮ್ಮ ಬಸ್ಸಿನ ಮಾತು ಇನ್ನು ಕೆಲವರನ್ನು ಹೊರಗಿಡುತ್ತದೆ. ಉತ್ತರ ಕೊಡಲು ಇಷ್ಟವಿಲ್ಲದವರಿಗೆ ಆ ಸೀಟು ಖಾಲಿ ಸೀಟಿಗಿಂತ ಕಷ್ಟ.

ನಮ್ಮ ಜಿಲ್ಲೆಯ ಬಸ್ಸುಗಳಿಗೆ ಹೊರಗಿನವರು ಹೊಸಬರೇನಲ್ಲ. ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರಕ್ಕೆ ದತ್ತಾತ್ರೇಯನ ದರ್ಶನಕ್ಕೆ ಬರುವ ಮಹಾರಾಷ್ಟ್ರದ ಭಕ್ತರು ಮರಾಠಿಯಲ್ಲೇ ಟಿಕೆಟ್ ಕೇಳುತ್ತಾರೆ, ಕಂಡಕ್ಟರೂ ಮರಾಠಿಯಲ್ಲೇ ಚಿಲ್ಲರೆ ಕೇಳುತ್ತಾರೆ. ಕಲಬುರಗಿಯ ಬಂದೇನವಾಜ್ ಉರುಸಿಗೆ ಬರುವವರ ದಖನಿ, ಪಕ್ಕದ ತೆಲಂಗಾಣದವರ ತೆಲುಗು, ಎಲ್ಲಾ ಒಂದೇ ಗಾಡಿಯಲ್ಲಿ ಸಾಗುತ್ತವೆ. ಮರಾಠಿ, ಉರ್ದು, ತೆಲುಗು ನಮ್ಮ ಕಿವಿಗೆ ತಲೆಮಾರುಗಳಿಂದ ಪರಿಚಿತ, ಹಾಗಾಗಿ ಅವರು 'ಹೊರಗಿನವರು' ಅಂತ ಅನಿಸುವುದೇ ಇಲ್ಲ.

ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಕಥೆ ಬೇರೆ. 2009ರಲ್ಲಿ ಶುರುವಾದ ಈ ವಿಶ್ವವಿದ್ಯಾಲಯಕ್ಕೆ ದೇಶದ ಬೇರೆ ಬೇರೆ ರಾಜ್ಯಗಳಿಂದ ವಿದ್ಯಾರ್ಥಿಗಳು ಬರುತ್ತಾರೆ, ಕಲಬುರಗಿ–ಆಳಂದ ಬಸ್ಸಿನಲ್ಲೇ ಓಡಾಡುತ್ತಾರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಕರ್ನಾಟಕದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತ. ಅದಕ್ಕೆ ರಾಜ್ಯದ ವಿಳಾಸವಿರುವ ಗುರುತಿನ ಚೀಟಿ ಬೇಕು. ಅಕ್ಕಪಕ್ಕ ಕೂತ ಇಬ್ಬರು ಹುಡುಗಿಯರಲ್ಲಿ ಒಬ್ಬಳಿಗೆ ಶೂನ್ಯ ದರದ ಟಿಕೆಟ್, ಇನ್ನೊಬ್ಬಳು ದುಡ್ಡು ಕೊಡಬೇಕು. ನಿಯಮ ಸರಿಯೇ, ರಾಜ್ಯದ ದುಡ್ಡು ರಾಜ್ಯದವರಿಗೆ. ಆದರೆ ಇಡೀ ಬಸ್ಸಿಗೆ ಆ ಕ್ಷಣ ಗೊತ್ತಾಗುತ್ತದೆ, ಈಕೆ ಹೊರಗಿನಾಕಿ ಅಂತ. ಆಮೇಲೆ ಸುತ್ತಲಿನವರು ಹೇಗೆ ನೋಡುತ್ತಾರೆ ಅನ್ನೋದು ನಿಯಮದಲ್ಲಿ ಬರೆದಿಲ್ಲ, ಅದು ನಮ್ಮ ಕೈಯಲ್ಲಿದೆ.

3. ಸಂಶೋಧನೆ ಏನು ಹೇಳುತ್ತದೆ?

ಅಮೆರಿಕದಲ್ಲಿ ಕೆಲಸ ಮಾಡಿದ ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ 1963ರಲ್ಲಿ ಒಂದು ಮಾತು ಹೇಳಿದ್ದರು: ಸಾರ್ವಜನಿಕ ಜಾಗದಲ್ಲಿ ಅಪರಿಚಿತರನ್ನು ಒಮ್ಮೆ ನೋಡಿ, 'ನೀವಿದ್ದೀರಿ ಅಂತ ಗೊತ್ತಾಯ್ತು' ಅನ್ನುವಂತೆ ಕಣ್ಣು ತಿರುಗಿಸಿಕೊಳ್ಳುವುದು ಕೂಡ ಒಂದು ಮರ್ಯಾದೆ. ಇದನ್ನು ನಾವು 'ಸಭ್ಯ ನಿರ್ಲಕ್ಷ್ಯ' ಅನ್ನಬಹುದು. ಇದು ಎಲ್ಲರಿಗೂ ಒಂದೇ ರೀತಿ ಸಿಕ್ಕರೆ ಮರ್ಯಾದೆ. ಒಬ್ಬರನ್ನು ಮಾತ್ರ ನೆಟ್ಟ ನೋಟದಿಂದ ನೋಡಿದರೆ, ಅಥವಾ ಒಬ್ಬರಿಂದ ಮಾತ್ರ ದೂರ ಸರಿದರೆ ಆ ಮರ್ಯಾದೆ ಮುರಿದುಬಿತ್ತು.

2014ರಲ್ಲಿ ನಿಕೋಲಸ್ ಎಪ್ಲೀ ಮತ್ತು ಜೂಲಿಯಾನಾ ಶ್ರೋಡರ್ ಶಿಕಾಗೊದ ರೈಲು-ಬಸ್ಸುಗಳಲ್ಲಿ ಮಾಡಿದ ಪ್ರಯೋಗ ಪ್ರಕಟವಾಯಿತು. ಕೆಲವರಿಗೆ ಅಪರಿಚಿತರ ಜೊತೆ ಮಾತಾಡಿ ಅಂದರು, ಕೆಲವರಿಗೆ ಸುಮ್ಮನೆ ಒಬ್ಬರೇ ಕೂಡಿ ಅಂದರು. ಮಾತಾಡಿದರೆ ಪ್ರಯಾಣ ಹಾಳಾಗುತ್ತದೆ ಅಂತ ಜನ ಅಂದುಕೊಂಡಿದ್ದರು. ಆದರೆ ಮಾತಾಡಿದವರೇ ಹೆಚ್ಚು ಖುಷಿಯಾಗಿದ್ದರು. ನಮ್ಮ ಕಾಕಾಗಳಿಗೆ ಇದು ಪ್ರಯೋಗವಿಲ್ಲದೇ ಗೊತ್ತಿತ್ತು ಅನ್ನಿ!

ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರದ ಪ್ರಯೋಗ ಮಾತ್ರ ನಗುವಂಥದ್ದಲ್ಲ. ದುಡ್ಡಿಲ್ಲದ ಪ್ರಯಾಣ ಕಾರ್ಡ್ ಹಿಡಿದು ಬೇರೆ ಬೇರೆ ಮೈಬಣ್ಣದ ಯುವಕ-ಯುವತಿಯರು ಬಸ್ ಹತ್ತಿ, ಹಾಗೇ ಬಿಡುತ್ತೀರಾ ಅಂತ ಡ್ರೈವರನ್ನು ಕೇಳಿದರು. ಬಿಳಿಯರನ್ನು ಶೇ. 72ರಷ್ಟು ಸಲ ಬಿಟ್ಟರು, ಕಪ್ಪುಬಣ್ಣದವರನ್ನು ಶೇ. 36ರಷ್ಟು ಸಲ. ಭಾರತೀಯ ಮುಖದವರಿಗೆ ಸಿಕ್ಕಿದ್ದು ಇವೆರಡರ ನಡುವಿನ ಸ್ಥಾನ. ಬೈಗುಳ ಒಂದೂ ಇಲ್ಲದೆಯೂ ಭೇದ ಇರಬಹುದು, ಅದನ್ನು ಎಣಿಸಿದಾಗಲೇ ಕಾಣುತ್ತದೆ ಅನ್ನುವುದು ಇದರ ಪಾಠ.

4. ಎಣಿಸುವುದು ಹೇಗೆ?

ಇಂಜಿನಿಯರಿಂಗ್ ಓದುವ ನಮಗೆ ಇದು ಸುಲಭದ ಲೆಕ್ಕ. ಒಂದು ಬಸ್ಸಿನಲ್ಲಿ 10 ಸೀಟು ಖಾಲಿ ಇವೆ, 6 ಜನ ಹತ್ತಿ ಯಾವ ಭೇದವೂ ಇಲ್ಲದೆ ಎಲ್ಲೆಂದರಲ್ಲಿ ಕೂತರು ಅಂತಿಟ್ಟುಕೊಳ್ಳಿ. ನಿಮ್ಮ ಪಕ್ಕದ ಸೀಟು ಖಾಲಿ ಉಳಿಯುವ ಸಂಭವ 4/10, ಅಂದರೆ ಶೇ. 40. ಒಂದು ದಿನ ಖಾಲಿ ಉಳಿದರೆ ಬೇಜಾರು ಮಾಡಿಕೊಳ್ಳಬೇಕಾಗಿಲ್ಲ. ಇದೇ ಸ್ಥಿತಿ ಐದು ದಿನ ಸತತವಾಗಿ ಬಂದರೆ? 0.4ರ ಐದನೇ ಘಾತ, ಸುಮಾರು 0.01. ನೂರರಲ್ಲಿ ಒಂದು. ಆಗ 'ಆಕಸ್ಮಿಕ' ಅನ್ನುವ ಉತ್ತರ ದುರ್ಬಲವಾಗುತ್ತದೆ.

ಆದರೂ ಅವಸರ ಬೇಡ. ಜನ ಎಲ್ಲೆಂದರಲ್ಲಿ ಕೂಡುವುದಿಲ್ಲ. ಕಿಟಕಿ ಬೇಕು, ಬಾಗಿಲ ಹತ್ತಿರ ಬೇಕು, ಹಿಂದಿನ ಸೀಟು ಬೇಡ. ಹೆಣ್ಣುಮಕ್ಕಳು ಹೆಣ್ಣುಮಕ್ಕಳ ಪಕ್ಕ ಕೂಡುತ್ತಾರೆ. ದೊಡ್ಡ ಬ್ಯಾಗು ಇಟ್ಟುಕೊಂಡವರ ಪಕ್ಕ ಯಾರೂ ಹೋಗಲ್ಲ. ಹಾಗಾಗಿ ಅಂಥದೇ ಸೀಟಿನಲ್ಲಿ, ಅಂಥದೇ ಬ್ಯಾಗಿನೊಂದಿಗೆ ಕೂತ ಸ್ಥಳೀಯರ ಪಕ್ಕದ ಸೀಟನ್ನೂ ಎಣಿಸಬೇಕು. ಎರಡರ ವ್ಯತ್ಯಾಸವೇ ನಮಗೆ ಬೇಕಾದ ಅಂಕಿ. ಇನ್ನೊಂದು ಮಾತು: ಖಾಲಿ ಉಳಿದ ದಿನ ನೆನಪಿರುತ್ತದೆ, ತುಂಬಿದ ದಿನ ಮರೆತುಹೋಗುತ್ತದೆ. ಅದಕ್ಕೇ ನೆನಪನ್ನು ನಂಬದೆ ಆ ದಿನವೇ ಬರೆದಿಡಬೇಕು.

5. ಬೆಂಗಳೂರು, 2016ರ ಜನವರಿ 31

ಖಾಲಿ ಸೀಟಿನಿಂದ ಏನು ಮಹಾ ಆಗುತ್ತೆ ಅನ್ನುವವರು ಈ ಘಟನೆ ಓದಬೇಕು. ಅವತ್ತು ಭಾನುವಾರ ಸಂಜೆ ಹೆಸರಘಟ್ಟ ರಸ್ತೆಯಲ್ಲಿ ಸುಡಾನಿನ ವಿದ್ಯಾರ್ಥಿಯೊಬ್ಬನ ಕಾರು ಬಡಿದು ಸ್ಥಳೀಯ ಮಹಿಳೆಯೊಬ್ಬರು ತೀರಿಕೊಂಡರು. ಜನ ರೊಚ್ಚಿಗೆದ್ದರು. ಸ್ವಲ್ಪ ಹೊತ್ತಿನ ನಂತರ ಬೇರೆಯೇ ಕಾರಿನಲ್ಲಿ ತಾಂಜಾನಿಯಾದ ವಿದ್ಯಾರ್ಥಿನಿ ಮತ್ತು ಅವಳ ಗೆಳೆಯರು ಅಲ್ಲಿಗೆ ಬಂದರು. ಅಪಘಾತಕ್ಕೂ ಇವರಿಗೂ ಸಂಬಂಧವಿರಲಿಲ್ಲ. ದೇಶವೂ ಬೇರೆ. ಗುಂಪಿಗೆ ಕಂಡಿದ್ದು ಮೈಬಣ್ಣ ಮಾತ್ರ. ಹೊಡೆದರು, ಅವಳ ಬಟ್ಟೆ ಹರಿದರು, ಕಾರಿಗೆ ಬೆಂಕಿ ಹಚ್ಚಿದರು. ತಪ್ಪಿಸಿಕೊಳ್ಳಲು ಬಸ್ಸು ಹತ್ತಲು ಹೋದಾಗ ಒಳಗಿದ್ದ ಪ್ರಯಾಣಿಕರು ಅವಳನ್ನು ಹೊರಗೆ ತಳ್ಳಿದರು ಅಂತ ಆಗ ಪತ್ರಿಕೆಗಳೆಲ್ಲ ವರದಿ ಮಾಡಿದವು. ಆಮೇಲೆ ಬಂಧನಗಳಾದವು, ಪೊಲೀಸರ ಅಮಾನತೂ ಆಯಿತು.

1968ರಲ್ಲಿ ಡಾರ್ಲೀ ಮತ್ತು ಲಟಾನೆ ಎಂಬ ಮನೋವಿಜ್ಞಾನಿಗಳ ಪ್ರಯೋಗ ಪ್ರಕಟವಾಗಿತ್ತು. ಪಕ್ಕದ ಕೋಣೆಯಲ್ಲಿ ಯಾರಿಗೋ ಫಿಟ್ಸ್ ಬಂದ ದನಿ ಕೇಳಿಸಿದಾಗ, ತಾನೊಬ್ಬನೇ ಕೇಳಿಸಿಕೊಳ್ಳುತ್ತಿದ್ದೇನೆ ಅಂದುಕೊಂಡವರಲ್ಲಿ ಶೇ. 85 ಮಂದಿ ಅದು ಮುಗಿಯುವ ಮೊದಲೇ ಸಹಾಯಕ್ಕೆ ಎದ್ದರು. ಇನ್ನೂ ನಾಲ್ವರು ಕೇಳುತ್ತಿದ್ದಾರೆ ಅಂದುಕೊಂಡವರಲ್ಲಿ ಶೇ. 31 ಮಾತ್ರ. ಜನ ಹೆಚ್ಚಿದಷ್ಟೂ ಜವಾಬ್ದಾರಿ ಹಂಚಿಹೋಗುತ್ತದೆ. ಇದು ಸುಮ್ಮನೆ ಕೂತವರನ್ನು ವಿವರಿಸುತ್ತದೆ, ತಳ್ಳಿದವರನ್ನಲ್ಲ. ತಳ್ಳಿದ ಕೈಗೆ 'ಇವರು ನಮ್ಮವರಲ್ಲ, ಇವರೆಲ್ಲ ಒಂದೇ' ಅನ್ನುವ ನಂಬಿಕೆ ಬೇಕು. ಆ ನಂಬಿಕೆ ಒಂದು ಸಂಜೆಯಲ್ಲಿ ಹುಟ್ಟಲ್ಲ. ದಿನಾ ಬಸ್ಸಿನಲ್ಲಿ, ಹಾಸ್ಟೆಲಿನಲ್ಲಿ, ಅಡ್ಡಹೆಸರು ಇಟ್ಟು ನಗುವಾಗ ಹುಟ್ಟುತ್ತದೆ.

6. ನಾವೂ ಹೊರಗಿನವರೇ

ಜೇವರ್ಗಿ, ಆಳಂದ, ಅಫಜಲಪುರದಿಂದ ಮುಂಬೈ, ಪುಣೆ, ಬೆಂಗಳೂರಿಗೆ ಗುಳೆ ಹೋಗುವ ಕುಟುಂಬಗಳು ನಮಗೆ ಗೊತ್ತು. ಉದ್ಯಾನ್ ಎಕ್ಸ್‌ಪ್ರೆಸ್‌ನ ಜನರಲ್ ಬೋಗಿಯಲ್ಲಿ ಗಂಟುಮೂಟೆ ಇಟ್ಟುಕೊಂಡು ಬಾಗಿಲ ಹತ್ತಿರ ಕೂತವರಲ್ಲಿ ನಮ್ಮ ಅಣ್ಣ, ಅತ್ತಿ, ಮಾಮಾ ಇರುತ್ತಾರೆ. ಅವರ ಪಕ್ಕ ಯಾರು ಕೂಡುತ್ತಾರೆ, ಯಾರು ಮೂಗು ಮುರಿಯುತ್ತಾರೆ? ಇಂಟರ್ನ್‌ಶಿಪ್‌ಗೆ ಬೆಂಗಳೂರಿಗೆ ಹೋದ ನಮ್ಮ ಸೀನಿಯರ್‌ಗಳು "ನಿಮ್ಮ ಕನ್ನಡ ಕನ್ನಡವೇ ಅಲ್ಲ" ಅನ್ನಿಸಿಕೊಂಡು ಬಂದಿದ್ದಾರೆ. ಇಜೇರಿ ಬಸ್ಸಿನಲ್ಲಿ ಪ್ರಶ್ನೆ ಕೇಳುವವರು ಮೆಜೆಸ್ಟಿಕ್ಕಿನಲ್ಲಿ ಉತ್ತರ ಕೊಡುವವರು. ನಾಳೆ ಕೆಲಸಕ್ಕೆ ಟೋಕಿಯೊಗೆ ಹೋದರೆ ಖಾಲಿ ಸೀಟಿನ ಪಕ್ಕ ಕೂಡುವವರು ನಾವೇ.

7. ಮಾಡಬಹುದಾದದ್ದು

ಭಾಷಣ ಬೇಡ, ನಾಲ್ಕು ಕೆಲಸ ಸಾಕು.

ಒಂದು, ಹೊರಗಿನವರ ಪಕ್ಕದ ಸೀಟು ಖಾಲಿ ಇದ್ದರೆ ಅಲ್ಲೇ ಕೂಡ್ರಿ. ಮಾತಾಡಲೇಬೇಕು ಅಂತಿಲ್ಲ.

ಎರಡು, 'ಯಾವೂರು' ಕೇಳಿದರೆ ತಪ್ಪಿಲ್ಲ, ಆದರೆ ಮೊದಲು ನಿಮ್ಮ ಊರು ಹೇಳಿ ಕೇಳ್ರಿ. 'ಯಾರ ಪೈಕಿ' ಅನ್ನೋದನ್ನು ನಮ್ಮ ತಲೆಮಾರಿಗೇ ನಿಲ್ಲಿಸೋಣ.

ಮೂರು, ಭಾಷೆ ಬರದವರಿಗೆ ಸ್ಟಾಪ್ ಬಂದಾಗ ಹೇಳ್ರಿ. ಬೋರ್ಡು ಕನ್ನಡದಲ್ಲಿದ್ದರೆ ಓದಿ ಹೇಳ್ರಿ, ಎರಡು ಕನ್ನಡ ಪದ ಕಲಿಸ್ರಿ. ಕನ್ನಡ ಸಂಘದ ಕೆಲಸ ಬಸ್ಸಿನಲ್ಲೂ ನಡೀತದ.

ನಾಲ್ಕು, ಯಾರಾದರೂ ಒಬ್ಬರನ್ನು ಗೇಲಿ ಮಾಡುತ್ತಿದ್ದರೆ ಉಳಿದವರು ಎದ್ದೇಳಲಿ ಅಂತ ಕಾಯಬೇಡ್ರಿ. ಗೇಲಿ ಮಾಡುವವರ ಜೊತೆ ಜಗಳಕ್ಕಿಂತ, ಗೇಲಿಗೆ ಸಿಕ್ಕವರ ಹತ್ತಿರ ಹೋಗಿ "ಬರ್ರಿ, ಇಲ್ಲಿ ಜಾಗ ಐತಿ" ಅನ್ನೋದು ಸುಲಭ, ಬಹಳ ಸಲ ಅಷ್ಟೇ ಸಾಕಾಗುತ್ತದೆ.

ಎರಡು ವಾರ ನಿಮ್ಮ ರೂಟಿನಲ್ಲಿ ಸೀಟು ಎಣಿಸಿ ನೋಡ್ರಿ. ಯಾರ ಹೆಸರೂ ಬರೆಯಬೇಡಿ, ಫೋಟೋ ತೆಗೆಯಬೇಡಿ, ತಾರೀಖು ಮತ್ತು ಅಂಕಿ ಮಾತ್ರ. ಜೇವರ್ಗಿ, ಆಳಂದ, ಅಫಜಲಪುರ ಮೂರೂ ಕಡೆಯ ರೂಟಿನವರು ಲೆಕ್ಕ ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಹೋಲಿಸಿ ಹಾಕುತ್ತೇವೆ.