ಬಾಲಕಾರ್ಮಿಕರೂ ಸರ್ಕಾರಿ ವಿಚಾರಣೆಯೂ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳಿಂದ ನಮ್ಮ ಕಾಲೇಜಿಗೆ ಬರುವವರಲ್ಲಿ ಆಲೆಮನೆಯ ಹೊಗೆಯನ್ನು ಕಾಣದವರು ವಿರಳ. ಬೆಲ್ಲದ ಸವಿಯನ್ನು ಬಲ್ಲ ನಾವು ಅಲ್ಲಿ ದುಡಿಯುವ ಎಳೆಯರನ್ನು ಎಷ್ಟರಮಟ್ಟಿಗೆ ಬಲ್ಲೆವು? ಈ ಪ್ರಶ್ನೆಯೇ ಈ ಲೇಖನಕ್ಕೆ ಪ್ರೇರಣೆ.

ದುಡಿಯುವ ಮಕ್ಕಳ ಸ್ಥಿತಿಯನ್ನು ಸರ್ಕಾರವು ವಿಚಾರಿಸತೊಡಗಿದ್ದು ಇಂದು ನಿನ್ನೆಯಲ್ಲ. 1929ರಲ್ಲಿ ನೇಮಕವಾದ ವಿಟ್ಲೆ ಆಯೋಗವು 1931ರಲ್ಲಿ ವರದಿಯನ್ನೊಪ್ಪಿಸಿ, ತಂದೆತಾಯಿಗಳು ಮುಂಗಡ ಪಡೆದು ಮಕ್ಕಳ ದುಡಿಮೆಯನ್ನು ಒತ್ತೆಯಿಡುವ ಪದ್ಧತಿಯನ್ನು ಬೆಳಕಿಗೆ ತಂದಿತು. ಅಂಥ ಕರಾರುಗಳು ಅಸಿಂಧುವೆಂದು 1933ರ ಕಾಯಿದೆ ಸಾರಿತು. ಕಾರ್ಖಾನೆಯಲ್ಲಿ 14 ವರ್ಷ ತುಂಬದವರನ್ನು ದುಡಿಸಕೂಡದೆಂದು 1948ರ ಕಾರ್ಖಾನೆಗಳ ಕಾಯಿದೆ ವಿಧಿಸಿತು. ಮೈಸೂರು ಸೀಮೆಯವರೇ ಆದ ಎಂ. ಎಸ್. ಗುರುಪಾದಸ್ವಾಮಿಯವರ ಅಧ್ಯಕ್ಷತೆಯ 1979ರ ಸಮಿತಿಯು, ಬಡತನವಿರುವ ತನಕ ಬಾಲದುಡಿಮೆಯನ್ನು ಪೂರ್ಣವಾಗಿ ಅಳಿಸುವುದು ಕಷ್ಟವೆಂದೂ, ಅಪಾಯದ ಕೆಲಸಗಳಲ್ಲಿ ನಿಷೇಧಿಸಿ ಉಳಿದೆಡೆ ನಿಯಂತ್ರಿಸಬೇಕೆಂದೂ ಅಭಿಪ್ರಾಯಪಟ್ಟಿತು. ಇದೇ ಜಾಡಿನಲ್ಲಿ 1986ರ ಕಾಯಿದೆ ಬಂತು. ಮನೆಯವರಿಗೆ ಶಾಲೆಯ ವೇಳೆಯಾಚೆ ನೆರವಾಗುವುದೇ ಮೊದಲಾದ ಕೆಲವು ವಿನಾಯಿತಿಗಳನ್ನುಳಿದು, 14ರೊಳಗಿನ ಮಕ್ಕಳನ್ನು ಯಾವ ಕೆಲಸಕ್ಕೂ ಹಚ್ಚಕೂಡದೆಂದು 2016ರ ತಿದ್ದುಪಡಿ ಹೇಳಿತು.

ಹೀಗಿದ್ದೂ ವಿಚಾರಣೆ ಸೋಲುವುದೆಲ್ಲಿ? ನನ್ನ ಮನೆಯದೇ ಒಂದು ಉದಾಹರಣೆ. ನಾನು ಪಿ.ಯು.ಸಿ. ಸೇರಿದ ವರ್ಷ ನಮ್ಮಪ್ಪ ಒಂದು ಆಲೆಮನೆಯಿಂದ ಮುಂಗಡ ತಂದರು. ಹದಿಮೂರರ ನನ್ನ ತಮ್ಮ ಶಾಲೆ ಬಿಟ್ಟು, ಒಲೆಗೆ ಕಬ್ಬಿನ ಸಿಪ್ಪೆ ಹಾಕುವ ಕೆಲಸಕ್ಕೆ ನಿಂತ. 1933ರಲ್ಲೇ ಅಸಿಂಧುವೆನಿಸಿದ ಕರಾರು ನಮ್ಮ ಮನೆಯಲ್ಲಿ ಸಿಂಧುವಾಗಿಯೇ ಇತ್ತು! ಒಂದು ದಿನ ಅಧಿಕಾರಿಗಳು ಬಂದು ಅವನ ವಯಸ್ಸು ಕೇಳಿದರು. ಮಾಲೀಕರು ಪಕ್ಕದಲ್ಲೇ ನಿಂತಿದ್ದರು. "ಹದಿನೈದು, ಸ್ವಾಮಿ" ಎಂದ. ಹಾಗೆಯೇ ಬರೆದುಕೊಂಡು ಹೋದರು. ಸುಳ್ಳೇಕೆ ಹೇಳಿದೆ ಎಂದು ರಾತ್ರಿ ನಾನು ಕೇಳಿದಾಗ, "ದಿಟ ಹೇಳಿದ್ರೆ ಮುಂಗಡ ಯಾರು ತೀರ್ಸೋರು ಅಣ್ಣಾ? ನಿನ್ನ ಫೀಸು?" ಎಂದ. ನನ್ನಲ್ಲಿ ಉತ್ತರವಿರಲಿಲ್ಲ.

ವಯಸ್ಸಿನ ಬಗೆಗೆ ತಕರಾರು ಬಂದರೆ ವೈದ್ಯಾಧಿಕಾರಿಯ ನಿರ್ಣಯಕ್ಕೆ ಒಪ್ಪಿಸಲು 1986ರ ಕಾಯಿದೆಯಲ್ಲೇ ಅವಕಾಶವಿದೆ. ಶಾಲೆಯ ದಾಖಲಾತಿ ಪುಸ್ತಕವಂತೂ ಅರ್ಧ ಮೈಲಿಯಾಚೆಯೇ ಇತ್ತು. ಅಪಾಯಕರ ಉದ್ಯಮಗಳಲ್ಲಿ ಮಗುವನ್ನು ದುಡಿಸಿದ ಮಾಲೀಕನು ಮಗುವೊಂದಕ್ಕೆ 20,000 ರೂಪಾಯಿ ತೆರಬೇಕೆಂದೂ, ಮಗುವಿನ ಬದಲು ಮನೆಯ ದೊಡ್ಡವರೊಬ್ಬರಿಗೆ ಕೆಲಸ ದೊರಕಿಸಲು ಸರ್ಕಾರ ಯತ್ನಿಸಬೇಕೆಂದೂ 1996ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಮಗುವನ್ನು ಬಿಡಿಸಿದರೆ ಸಾಲದು, ಮನೆಯ ಒಲೆಯೂ ಉರಿಯಬೇಕೆಂಬ ವಿವೇಕ ಈ ತೀರ್ಪಿನಲ್ಲಿದೆ.

ಆದುದರಿಂದ ವಿಚಾರಣೆಯು ಮಗುವನ್ನು ಮಾಲೀಕರಿಂದ ದೂರ ಕರೆದು ಕೇಳಬೇಕು. ಶಾಲೆಯ ದಾಖಲೆಯನ್ನು ನೋಡಬೇಕು. ಮನೆಯ ಸಾಲವನ್ನೂ ವಿಚಾರಿಸಬೇಕು. ನನ್ನ ತಮ್ಮ ಮತ್ತೆ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ನಮ್ಮ ವಂಶದಲ್ಲಿ ಮೊದಲ ಪದವೀಧರನೆಂಬ ಹೆಸರು ನನಗೆ ಬರಲಿದೆ. ಅದರಲ್ಲಿ ಅರ್ಧ ಅವನದು.