ತಾಯಿಯಿಲ್ಲದ ಮನೆಯಲ್ಲಿ ಮಗಳು

ಪತ್ನಿಯನ್ನು ಕಳೆದುಕೊಂಡ ಓದುಗರೊಬ್ಬರಿಗೆ ಎಂಟು ವರ್ಷದ ಮಗಳದ್ದೇ ಚಿಂತೆ. ತಬ್ಬಲಿ ಕೂಸು ನೆಟ್ಟಗೆ ಬೆಳೆದೀತೇ, ಅದಕ್ಕಾಗಿಯಾದರೂ ಇನ್ನೊಂದು ಮದುವೆಯಾಗು ಎಂದು ನೆಂಟರು ದುಂಬಾಲು ಬಿದ್ದಿದ್ದಾರಂತೆ. ಮದುವೆ ಅವರಿಷ್ಟ, ಹೆದರಿಕೆಗಾಗಿ ಮಾತ್ರ ಬೇಡ.

ಹವಾಯಿಯ ಕವಾಯ್ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳ ಬದುಕನ್ನು ಮನೋವಿಜ್ಞಾನಿ ಎಮ್ಮಿ ವರ್ನರ್ ಮತ್ತು ಸಂಗಡಿಗರು ದಶಕಗಳ ಕಾಲ ಗಮನಿಸಿದರು. ಬಡತನ, ಮುರಿದ ಸಂಸಾರ, ಹೆತ್ತವರ ಮಾನಸಿಕ ಕಾಯಿಲೆಯಂಥ ಹಲವು ಕಷ್ಟಗಳನ್ನು ಒಟ್ಟಿಗೇ ಉಂಡ ಮಕ್ಕಳಲ್ಲೂ ಸುಮಾರು ಮೂರನೇ ಒಂದು ಭಾಗ ಸಮರ್ಥರಾಗಿ, ಅಕ್ಕರೆಯುಳ್ಳವರಾಗಿ ಬೆಳೆದರು. ಅವರಿಗೆ ಆಸರೆಯಾದದ್ದರಲ್ಲಿ ಮುಖ್ಯವಾದದ್ದು, ನೆಚ್ಚಬಹುದಾದ ಒಬ್ಬರೊಂದಿಗಿನ ಗಟ್ಟಿ ನಂಟು. ಆ ಒಬ್ಬರು ಹೆತ್ತ ತಾಯಿಯೇ ಆಗಬೇಕಿರಲಿಲ್ಲ. ಅಜ್ಜಿ, ಚಿಕ್ಕಮ್ಮ, ಒಡಹುಟ್ಟಿದವರು, ಶಿಕ್ಷಕರೂ ಆ ಜಾಗ ತುಂಬಿದ್ದರು. (ನೆಂಟರಿಗೆ ಇದನ್ನು ಓದಿ ಹೇಳಲು ಅಡ್ಡಿಯಿಲ್ಲ.)

ಹಾಗೆಂದು ಮನೆಯಲ್ಲಿ ಅಮ್ಮನ ಹೆಸರನ್ನೇ ಎತ್ತದಿರುವುದು ಸರಿಯಲ್ಲ. ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ ಅವರನ್ನೇ ನೋಡಿ. ಅವರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಮಗಳ ಹಿಂದೂಸ್ತಾನಿ ಕಲಿಕೆಗೆ ತೊಡಕಾಗದಿರಲೆಂದು ತಮ್ಮ ಹಾಡನ್ನೇ ಬಿಟ್ಟರು. ಮಗಳ ಎಳೆಯ ಪ್ರಾಯದಲ್ಲೇ ತೀರಿಕೊಂಡ ಆ ತಾಯಿಯ ಮಾತಿಲ್ಲದೆ ಗಂಗೂಬಾಯಿಯವರ ಕಥೆಯನ್ನು ಇಂದಿಗೂ ಯಾರೂ ಹೇಳುವುದಿಲ್ಲ.

ಈ ತಂದೆ ರಾತ್ರಿಯೂಟವನ್ನು ಮಗಳೊಂದಿಗೇ ಮಾಡಲಿ, ಅಮ್ಮನ ವಿಷಯ ಅವಳು ಕೇಳಿದಾಗ ಮಾತು ಮರೆಸದಿರಲಿ, ಶಾಲೆಯ ಟೀಚರಿಗೂ ಸಂಗತಿ ತಿಳಿಸಲಿ. ನಿದ್ದೆ, ಊಟ, ಆಟ ವಾರಗಟ್ಟಲೆ ತಪ್ಪಿದರೆ 14416ಕ್ಕೆ ಕರೆ ಮಾಡಬಹುದು. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೂ ಮಾತಾಡುತ್ತಾರೆ.