ಮನೆಗಿಂತ ಮೊದಲು ದಾರಿ ಹುಡುಕಿ

ಬೆಂಗಳೂರಿನಲ್ಲಿ ಬಾಡಿಗೆಯನ್ನು ಎರಡು ಸಲ ಕಟ್ಟುತ್ತೇವೆ. ತಿಂಗಳ ಮೊದಲ ವಾರ ಓನರ್‌ಗೆ ದುಡ್ಡಿನಲ್ಲಿ ಒಂದು ಸಲ; ದಿನಾ ಸಿಲ್ಕ್ ಬೋರ್ಡಿನಲ್ಲೋ ಟಿನ್ ಫ್ಯಾಕ್ಟರಿ ಹತ್ತಿರವೋ ಹೆಬ್ಬಾಳದಲ್ಲೋ ಸಿಕ್ಕಿಹಾಕಿಕೊಂಡು ಗಂಟೆಗಳಲ್ಲಿ ಇನ್ನೊಂದು ಸಲ. ಮೊದಲನೆಯದರಲ್ಲಿ ಐನೂರು ರೂಪಾಯಿಗೂ ಚೌಕಾಸಿ ಮಾಡುವ ನಾವು ಎರಡನೆಯದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಕೊಪ್ಪಳದಿಂದಲೋ ಹಾಸನದಿಂದಲೋ ಹೊಸ ಕೆಲಸಕ್ಕೆ ಬಂದಿಳಿಯುವವರಿಗೆ, ಇದ್ದ ಮನೆಯಿಂದ ಆಫೀಸಿಗೆ ಓಡಾಡಿ ಸುಸ್ತಾಗಿ ಬೇರೆ ಮನೆ ನೋಡುತ್ತಿರುವವರಿಗೆ ಈ ಸೂತ್ರಗಳು.

1. ಆಫೀಸಿನ ಬಾಗಿಲಿನಿಂದ ಹುಡುಕಾಟ ಶುರುವಾಗಲಿ

‘ಜಯನಗರ ಒಳ್ಳೇ ಏರಿಯಾ, ಮಲ್ಲೇಶ್ವರ ಒಳ್ಳೇ ಏರಿಯಾ’ ಎಂದು ಬಡಾವಣೆಯ ಹೆಸರು ಹಿಡಿದು ಹೊರಟರೆ ಮೊದಲ ದಿನವೇ ಬಜೆಟ್ಟು ಕೈಕೊಡುತ್ತದೆ. ಆಫೀಸಿಗೆ ಹತ್ತಿರದ ಮೆಟ್ರೊ ನಿಲ್ದಾಣ ಯಾವುದು, ಆ ಮಾರ್ಗ ಎಲ್ಲೆಲ್ಲಿ ಹಾದು ಬರುತ್ತದೆ ಎಂದು ಮೊದಲು ನೋಡಿ. ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡಿಗೆ, ಹಸಿರು ಮಾರ್ಗ ಮಾದಾವರದಿಂದ ರೇಷ್ಮೆ ಸಂಸ್ಥೆಗೆ, 2025ರ ಆಗಸ್ಟ್‌ನಲ್ಲಿ ಶುರುವಾದ ಹಳದಿ ಮಾರ್ಗ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ. ಐಟಿಪಿಎಲ್ ಕಡೆ ಕೆಲಸ ಮಾಡುವವರು ಗರುಡಾಚಾರ್‌ಪಾಳ್ಯ, ಹೂಡಿ, ಕೆ.ಆರ್. ಪುರ, ಕಾಡುಗೋಡಿ ನೋಡಬೇಕು. ಎಲೆಕ್ಟ್ರಾನಿಕ್ ಸಿಟಿಯವರಿಗೆ ಬೊಮ್ಮನಹಳ್ಳಿ, ಸಿಂಗಸಂದ್ರ, ಹೆಬ್ಬಗೋಡಿ ಇವೆ. ಪೀಣ್ಯದವರಿಗೆ ದಾಸರಹಳ್ಳಿ, ನಾಗಸಂದ್ರ.

ಈ ಹೆಸರುಗಳೆಲ್ಲ ಮೊದಲು ಹಳ್ಳಿಗಳವು ಎಂಬುದನ್ನು ಗಮನಿಸಿ. ಮುಖ್ಯರಸ್ತೆಯ ಎತ್ತರದ ಅಪಾರ್ಟ್‌ಮೆಂಟುಗಳನ್ನು ದಾಟಿ ಒಳಗೆ ಹೋದರೆ ಹಳೆಯ ಊರು ಇನ್ನೂ ಇದೆ: ಮಾರಮ್ಮನ ಗುಡಿ, ಅರಳಿಕಟ್ಟೆ, ಸುತ್ತ 20×30 ಸೈಟಿನಲ್ಲಿ ಎದ್ದ ಮೂರಂತಸ್ತಿನ ಮನೆಗಳು. ಓನರ್ ಕೆಳಗಿರುತ್ತಾರೆ, ಮೇಲಿನ ಮನೆಗಳನ್ನು ಬಾಡಿಗೆಗೆ ಕೊಡುತ್ತಾರೆ. ಈಜುಕೊಳ, ಜಿಮ್ಮು ಇರುವುದಿಲ್ಲ. ಅವುಗಳ ಮೇಂಟೆನೆನ್ಸ್ ಕಟ್ಟುವ ಕರ್ಮವೂ ಇರುವುದಿಲ್ಲ. ಕೈಗೆಟುಕುವ ಬಾಡಿಗೆ ಉಳಿದಿರುವುದು ಈ ಗಲ್ಲಿಗಳಲ್ಲಿ.

2. ಬಾಡಿಗೆಗೆ ಓಡಾಟವನ್ನೂ ಕೂಡಿಸಿ

ಒಂದು ಮನೆಗೆ 12,000 ಬಾಡಿಗೆ, ಊರಾಚೆ. ಇನ್ನೊಂದಕ್ಕೆ 16,000, ಆಫೀಸಿನ ಹತ್ತಿರ. ಮೊದಲನೆಯದು ಅಗ್ಗ ಅನ್ನಿಸುತ್ತದೆ. ಲೆಕ್ಕ ಹಾಕೋಣ. 2025ರ ಫೆಬ್ರುವರಿಯ ಪರಿಷ್ಕರಣೆಯಲ್ಲಿ ಮೆಟ್ರೊದ ಗರಿಷ್ಠ ದರ 90 ರೂಪಾಯಿ ಆಯಿತು. ಅದೇ ವರ್ಷದ ಆಗಸ್ಟ್‌ನಿಂದ ಆಟೊದ ಕನಿಷ್ಠ ದರ 36 ರೂಪಾಯಿ. ದೂರದ ಮನೆಯಿಂದ ನಿಲ್ದಾಣಕ್ಕೆ ಆಟೊ, ಅಲ್ಲಿಂದ ಮೆಟ್ರೊ, ಸಂಜೆ ಮತ್ತೆ ಅದೇ ಎಂದರೆ ದಿನಕ್ಕೆ 252. ತಿಂಗಳಿಗೆ 24 ದಿನ ಹಿಡಿದರೆ 6,048. ಬಾಡಿಗೆ ಸೇರಿ 18,048. ಹತ್ತಿರದ ಮನೆಯಿಂದ ನಡೆದೇ ನಿಲ್ದಾಣ ತಲುಪಿ, ಹೋಗಲು 30 ಬರಲು 30 ಕೊಟ್ಟರೆ ತಿಂಗಳಿಗೆ 1,440; ಒಟ್ಟು 17,440. ದುಬಾರಿ ಅಂದುಕೊಂಡ ಮನೆಯೇ ಅಗ್ಗವಾಯಿತು. ದಿನಕ್ಕೆ ಎರಡು ಗಂಟೆ ಉಳಿದರೆ ಅದನ್ನು ಈ ಲೆಕ್ಕದಲ್ಲಿ ಸೇರಿಸಿಯೇ ಇಲ್ಲ. ನನ್ನ ಮಟ್ಟಿಗೆ ಅದೇ ದೊಡ್ಡ ಉಳಿತಾಯ. ಮಗು ನಿದ್ದೆ ಮಾಡುವ ಮುಂಚೆ ಮನೆ ಸೇರುವುದಕ್ಕೆ ಬೆಲೆ ಕಟ್ಟುವುದು ಹೇಗೆ?

3. ನಿಲ್ದಾಣದಿಂದ ಮನೆಗೆ ನಡೆದು ನೋಡಿ

‘ಮೆಟ್ರೊಗೆ ಹತ್ತಿರ’ ಎಂದು ಬ್ರೋಕರ್ ಹೇಳಿದ್ದನ್ನು ಕಾಲಿನಿಂದ ಅಳೆಯಿರಿ. ಹದಿನೈದು ನಿಮಿಷದೊಳಗಿದ್ದರೆ ಸರಿ. ದಾರಿಯಲ್ಲಿ ಫುಟ್‌ಪಾತ್ ಇದೆಯೇ, ರಾತ್ರಿ ಒಂಬತ್ತಕ್ಕೆ ಬೀದಿದೀಪ ಉರಿಯುತ್ತದೆಯೇ, ಹೆದ್ದಾರಿ ದಾಟಲು ಮೇಲ್ಸೇತುವೆ ಇದೆಯೇ ಎಂಬುದನ್ನೂ ನೋಡಿ. ರಾತ್ರಿ ಪಾಳಿಯ ಹೆಣ್ಣುಮಕ್ಕಳು ಇದನ್ನು ಹಗಲಲ್ಲಿ ನೋಡಿ ತೀರ್ಮಾನಿಸಬೇಡಿ.

4. ‘ಮುಂದೆ ಮೆಟ್ರೊ ಬರುತ್ತೆ’ ಎಂಬುದಕ್ಕೆ ಇವತ್ತು ದುಡ್ಡು ಕೊಡಬೇಡಿ

ಮನೆ ಕೊಳ್ಳುವವರು ಮುಂದಿನ ಹತ್ತು ವರ್ಷ ನೋಡಲಿ. ಬಾಡಿಗೆಯವರು ಮುಂದಿನ ಹನ್ನೊಂದು ತಿಂಗಳು ನೋಡಬೇಕು. 2023ರ ಮಾರ್ಚ್‌ನಲ್ಲಿ ವೈಟ್‌ಫೀಲ್ಡ್‌–ಕೆ.ಆರ್. ಪುರ ನಡುವೆ ಮೆಟ್ರೊ ಓಡತೊಡಗಿದರೂ ಕೆ.ಆರ್. ಪುರದಿಂದ ಬೈಯಪ್ಪನಹಳ್ಳಿಗೆ ಕೊಂಡಿ ಕೂಡಿದ್ದು ಅಕ್ಟೋಬರ್‌ನಲ್ಲಿ. ಸುಮಾರು ಎರಡು ಕಿಲೋಮೀಟರ್ ಅಂತರಕ್ಕಾಗಿ ಜನ ಅಷ್ಟೂ ತಿಂಗಳು ರೈಲಿಳಿದು ಬಸ್ ಹತ್ತಿ ಮತ್ತೆ ರೈಲು ಹತ್ತಿದರು. ಹಳದಿ ಮಾರ್ಗ ಶುರುವಾದಾಗ ಇದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದು. ನಕ್ಷೆಯಲ್ಲಿ ಬಣ್ಣದ ಗೆರೆ ಇದ್ದರೆ ಸಾಲದು. ನೀವು ಹೊರಡುವ ಹೊತ್ತಿಗೆ ಎಷ್ಟು ನಿಮಿಷಕ್ಕೊಂದು ರೈಲಿದೆ ಎಂದು ಕೇಳಿ. ಬೆಳ್ಳಂದೂರು, ಮಾರತ್‌ಹಳ್ಳಿ ಕಡೆ ನೀಲಿ ಮಾರ್ಗದ ಹೆಸರು ಹೇಳಿ ಬಾಡಿಗೆ ಏರಿಸುವವರಿಗೆ, ರೈಲು ಓಡುವ ದಿನ ಬಂದಾಗ ಮಾತಾಡೋಣ ಎನ್ನಿ.

5. ಸೋಮವಾರ ಬೆಳಿಗ್ಗೆ ಒಮ್ಮೆ ಹೋಗಿ ಬನ್ನಿ

ಭಾನುವಾರ ಮಧ್ಯಾಹ್ನ ಮನೆ ನೋಡಿ ‘ಆಫೀಸಿಗೆ ಇಪ್ಪತ್ತೇ ನಿಮಿಷ’ ಎಂದು ಒಪ್ಪಿಕೊಳ್ಳಬೇಡಿ. ವಾರದ ದಿನ ಬೆಳಿಗ್ಗೆ ಎಂಟೂವರೆಗೆ ಆ ಮನೆಯ ಗೇಟಿನಿಂದ ಹೊರಟು ಆಫೀಸಿನ ಲಿಫ್ಟಿನವರೆಗೆ ಹೋಗಿ. ಸಂಜೆ ಅದೇ ದಾರಿಯಲ್ಲಿ ವಾಪಸ್ ಬನ್ನಿ. ಮಳೆ ಬಂದ ಸಂಜೆಯಾದರೆ ಇನ್ನೂ ಒಳ್ಳೆಯದು.

6. ಬಸ್ಸಿನ ಮೊದಲ ನಿಲ್ದಾಣದ ಹತ್ತಿರ ಇರಿ

ಮೆಟ್ರೊ ಗುಂಗಿನಲ್ಲಿ ಬಿಎಂಟಿಸಿಯನ್ನು ಮರೆಯುತ್ತೇವೆ. ಬನಶಂಕರಿ, ಕೆಂಗೇರಿ, ಯಶವಂತಪುರ, ಕೆ.ಆರ್. ಮಾರ್ಕೆಟ್, ಶಿವಾಜಿನಗರದಂಥ, ಬಸ್ಸು ಹೊರಡುವ ಜಾಗದ ಹತ್ತಿರ ಮನೆಯಿದ್ದರೆ ಕೂರಲು ಸೀಟು ಸಿಗುತ್ತದೆ. ಕೂತು ಹೋಗುವ ಒಂದು ಗಂಟೆಯೂ ನೇತಾಡಿಕೊಂಡು ಹೋಗುವ ಒಂದು ಗಂಟೆಯೂ ಬೇರೆ ಬೇರೆ. ಹೊರ ವರ್ತುಲ ರಸ್ತೆಯಲ್ಲಿ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ಗೆ 500ಡಿ, ಮೆಜೆಸ್ಟಿಕ್‌ನಿಂದ ಐಟಿಪಿಎಲ್ ಕಡೆಗೆ 335ಇ: ಇಂಥ ನೇರ ಬಸ್ಸಿನ ದಾರಿಯಲ್ಲಿ ಮನೆ ಹಿಡಿದವರಿಗೆ ಬಸ್ಸು ಬದಲಿಸುವ ತಾಪತ್ರಯವಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ದುಡ್ಡಿಲ್ಲ. ಹವಾನಿಯಂತ್ರಿತ ವಜ್ರಕ್ಕೆ ಇದು ಅನ್ವಯಿಸದು. ಮನೆಯಲ್ಲಿ ದುಡಿಯುವವಳು ಹೆಣ್ಣುಮಗಳಾದರೆ ಎರಡನೇ ಸೂತ್ರದ ಲೆಕ್ಕವನ್ನು ಹೊಸದಾಗಿ ಹಾಕಿ. ಮೆಟ್ರೊ ಇಲ್ಲದ, ಬಸ್ಸು ಚೆನ್ನಾಗಿರುವ ಎಷ್ಟೋ ಬಡಾವಣೆಗಳು ಆಗ ಕೈಗೆಟುಕುತ್ತವೆ.

7. ಇಬ್ಬರೂ ದುಡಿಯುವವರಾದರೆ ಮಾರ್ಗ ಕೂಡುವ ಕಡೆ ನೋಡಿ

ಆಕೆಯ ಕೆಲಸ ವೈಟ್‌ಫೀಲ್ಡಿನಲ್ಲಿ, ಆತನದು ಪೀಣ್ಯದಲ್ಲಿ. ನೇರಳೆಯೂ ಹಸಿರೂ ಕೂಡುವುದು ಮೆಜೆಸ್ಟಿಕ್‌ನಲ್ಲಿ. ಅಲ್ಲಿಂದ ಎರಡು ಮೂರು ನಿಲ್ದಾಣದೊಳಗೆ, ಶ್ರೀರಾಂಪುರದಲ್ಲೋ ಮಾಗಡಿ ರಸ್ತೆಯಲ್ಲೋ, ಹಳೆಯ ಪುಟ್ಟ ಮನೆಗಳು ಸಿಗುತ್ತವೆ. ಎಲೆಕ್ಟ್ರಾನಿಕ್ ಸಿಟಿ ಒಬ್ಬರಿಗಾದರೆ ಆರ್.ವಿ. ರಸ್ತೆಯ ಸುತ್ತ ನೋಡಿ. ಎರಡೂ ಕಡೆ ಸಮದೂರ ಬೇಕೆಂಬ ಹಟ ಬೇಡ. ಯಾರು ಮಗುವನ್ನು ಶಾಲೆಯಿಂದ ಕರೆತರುತ್ತಾರೋ, ಯಾರು ಬಂದು ಒಲೆ ಹಚ್ಚುತ್ತಾರೋ ಅವರ ದಾರಿ ಚಿಕ್ಕದಾಗಿರಲಿ. ಬಹುತೇಕ ಮನೆಗಳಲ್ಲಿ ಅದು ಹೆಂಡತಿ. ಗಂಡನ ಆಫೀಸಿನ ಪಕ್ಕ ಮನೆ ಮಾಡಿ ಆಕೆಯನ್ನು ಎರಡು ಬಸ್ಸು ಹತ್ತಿಸುವುದು ಅನ್ಯಾಯ.

8. ರೈಲು ಹಳಿಯನ್ನೂ ಗಮನಿಸಿ

ಆಫೀಸು ಸಿಟಿ, ದಂಡು, ಯಶವಂತಪುರ ಅಥವಾ ಕೆ.ಆರ್. ಪುರ ರೈಲು ನಿಲ್ದಾಣಕ್ಕೆ ಹತ್ತಿರವಿದ್ದರೆ ಬಿಡದಿ, ರಾಮನಗರ, ತುಮಕೂರು ಕಡೆಯ ಊರುಗಳೂ ಲೆಕ್ಕಕ್ಕೆ ಬರುತ್ತವೆ. ತಿಂಗಳ ಪಾಸು ತೀರಾ ಅಗ್ಗ. ಆದರೆ ರೈಲುಗಳು ಬೆರಳೆಣಿಕೆಯಷ್ಟು. ನಿಗದಿತ ಹೊತ್ತಿಗೆ ಕೆಲಸ ಮುಗಿಯುವವರಿಗಷ್ಟೇ ಇದು ಒಗ್ಗುತ್ತದೆ.

9. ‘ನೀರು ಹೇಗೆ?’ ಎಂದು ಓನರ್ ಒಬ್ಬರನ್ನೇ ಕೇಳಬೇಡಿ

ಅವರು ‘ಇಪ್ಪತ್ನಾಲ್ಕು ಗಂಟೆ ಇದೆ’ ಎನ್ನುತ್ತಾರೆ. ಮಹಡಿ ಮನೆಯ ಬಾಡಿಗೆದಾರರನ್ನು ಕೇಳಿ, ಎದುರು ಮನೆಯವರನ್ನು ಕೇಳಿ. ಕಾವೇರಿ ಸಂಪರ್ಕ ಇದೆಯೇ, ವಾರದಲ್ಲಿ ಯಾವ ದಿನ ಬಿಡುತ್ತಾರೆ, ಸಂಪು ಎಷ್ಟು ಲೀಟರಿನದು, ಬೋರ್‌ವೆಲ್ ಬೇಸಿಗೆಯಲ್ಲಿ ನಿಲ್ಲುತ್ತದೆಯೇ, ಟ್ಯಾಂಕರ್ ತರಿಸಿದರೆ ದುಡ್ಡು ಯಾರದು?

ಬಾಡಿಗೆ ಕಡಿಮೆ ಇರುವ ಜಾಗಕ್ಕೂ ಈ ಪ್ರಶ್ನೆಗೂ ನಂಟಿದೆ. 2007ರಲ್ಲಿ ಬಿಬಿಎಂಪಿ ಆದಾಗ ಸುತ್ತಲಿನ 110 ಹಳ್ಳಿಗಳು ನಗರಕ್ಕೆ ಸೇರಿದವು. ಕಟ್ಟಡಗಳು ಬಂದಷ್ಟು ಬೇಗ ಅಲ್ಲಿಗೆ ಕೊಳವೆ ಬರಲಿಲ್ಲ. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿದಾಗ ಹೆಚ್ಚು ಕಷ್ಟಪಟ್ಟವರಲ್ಲಿ ಈ ಹಳ್ಳಿಗಳವರೂ ಇದ್ದರು. ಆ ವರ್ಷದ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಕಾವೇರಿ ಐದನೇ ಹಂತ, ದಿನಕ್ಕೆ 775 ದಶಲಕ್ಷ ಲೀಟರ್ ಸಾಮರ್ಥ್ಯದ್ದು, ಇವರಿಗಾಗಿಯೇ ರೂಪಿಸಿದ್ದು. ಆದರೂ ರಸ್ತೆಗೆ ನೀರು ಬಂದಿರುವುದು ಬೇರೆ, ನಿಮ್ಮ ಓನರ್ ಸಂಪರ್ಕ ಪಡೆದಿರುವುದು ಬೇರೆ. ನೀರಿನ ಬಿಲ್ ತೋರಿಸಿ ಎಂದು ಕೇಳುವುದರಲ್ಲಿ ಸಂಕೋಚವೇನಿಲ್ಲ. ಟ್ಯಾಂಕರ್‌ಗೆಂದು ತಿಂಗಳಿಗೆ ಸಾವಿರ, ಎರಡು ಸಾವಿರ ಹೋದರೆ ಅದೂ ಬಾಡಿಗೆಯೇ.

ಜೊತೆಗೆ ಮಳೆನೀರಿನ ಕಡೆಗೂ ಕಣ್ಣಿರಲಿ. 2022ರ ಸೆಪ್ಟೆಂಬರ್ ಮಳೆಗೆ ಬೆಳ್ಳಂದೂರು, ಯಮಲೂರು ಸುತ್ತ ಮನೆಗಳೊಳಗೆ ನೀರು ನುಗ್ಗಿತ್ತು. ರಾಜಕಾಲುವೆಯ ಪಕ್ಕದ ನೆಲಮಹಡಿ ಎಷ್ಟೇ ಅಗ್ಗವಾಗಿದ್ದರೂ ಗೋಡೆಯ ಬುಡದಲ್ಲಿ ತೇವದ ಗೆರೆ ಇದೆಯೇ ಎಂದು ಬಗ್ಗಿ ನೋಡಿ.

10. ಮೊಬೈಲು ಜೇಬಿಗಿಟ್ಟು ಗಲ್ಲಿ ಸುತ್ತಿ

ಹಳೆಯ ಊರಿನ ಓನರುಗಳಲ್ಲಿ ಹೆಚ್ಚಿನವರು ಆ್ಯಪಿನಲ್ಲಿ ಫೋಟೊ ಹಾಕುವವರಲ್ಲ. ಗೇಟಿಗೆ ‘ಮನೆ ಬಾಡಿಗೆಗೆ ಇದೆ’ ಎಂಬ ಬೋರ್ಡು ನೇತುಹಾಕುತ್ತಾರೆ, ಇಲ್ಲವೇ ಇಸ್ತ್ರಿ ಅಂಗಡಿಯವರಿಗೆ, ನಂದಿನಿ ಬೂತಿನವರಿಗೆ ಹೇಳಿಟ್ಟಿರುತ್ತಾರೆ. ಶನಿವಾರ ಬೆಳಿಗ್ಗೆ ಆರಿಸಿಕೊಂಡ ನಿಲ್ದಾಣದಲ್ಲಿ ಇಳಿದು, ಕಾಫಿ ಕುಡಿದು, ಕೇಳುತ್ತಾ ಹೋಗಿ.

‘ಅಣ್ಣಾ, ಈ ಕಡೆ ಎಲ್ಲಾದ್ರೂ ಒಂದು ಸಿಂಗಲ್ ಬೆಡ್‌ರೂಮ್ ಮನೆ ಖಾಲಿ ಇದ್ಯಾ?’

‘ಆ ಗಣಪತಿ ಗುಡಿ ಹಿಂದೆ ಎರಡನೇ ಗೇಟು, ಆಂಟಿ ಇರ್ತಾರೆ ಕೇಳಿ ನೋಡಮ್ಮ. ಮೊನ್ನೆ ತಾನೇ ಖಾಲಿ ಮಾಡಿದ್ರು.’

ಹೀಗೆ ಸಿಕ್ಕ ಮನೆಗೆ ಬ್ರೋಕರ್‌ಗೆ ಕೊಡಬೇಕಾದ ಒಂದು ತಿಂಗಳ ಬಾಡಿಗೆ ಉಳಿಯುತ್ತದೆ. ‘ಯಾವ ಜನ?’, ‘ನಾನ್‌ವೆಜ್ ಮಾಡ್ತೀರಾ?’, ‘ಮದುವೆ ಆಗಿದ್ಯಾ?’ ಎಂಬ ಪ್ರಶ್ನೆಗಳೂ ಎದುರಾಗುತ್ತವೆ. ಈ ಊರಿನ ದೊಡ್ಡ ಅವಮಾನ ಇದು, ಎಷ್ಟು ಸಹಿಸಿದರೂ ಸರಿಯಾಗುವಂಥದ್ದಲ್ಲ. ಸುಳ್ಳು ಹೇಳಿ ಮನೆ ಹಿಡಿಯಬೇಡಿ; ದಿನವೂ ಕಿಟಕಿ ಮುಚ್ಚಿ ಮೀನು ಹುರಿಯುವ ಬಾಳು ಯಾರಿಗೆ ಬೇಕು? ಮುಂದಿನ ಗೇಟಿಗೆ ಹೋಗಿ.

ಮನೆ ನೋಡುವ ಮೊದಲೇ ‘ಟೋಕನ್ ಕಳಿಸಿ, ತುಂಬಾ ಜನ ಕಾಯ್ತಿದ್ದಾರೆ’ ಎನ್ನುವವರಿಗೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ಬೀಗ ತೆಗೆಸಿ ಒಳಗೆ ಕಾಲಿಡುವವರೆಗೆ ಅದು ನಿಮ್ಮ ಪಾಲಿಗೆ ಮನೆಯೇ ಅಲ್ಲ.

11. ಆಷಾಢದಲ್ಲಿ ಮಾತಾಡಿ, ಶ್ರಾವಣದಲ್ಲಿ ಹಾಲುಕ್ಕಿಸಿ

ಶಾಲೆ ಶುರುವಾಗುವ ಮೇ–ಜೂನ್‌ನಲ್ಲಿ ಮನೆಗಳಿಗೆ ಪೈಪೋಟಿ. ಆಷಾಢ ಬಂತೆಂದರೆ ಬಹಳ ಮಂದಿ ಮನೆ ಬದಲಿಸುವುದಿಲ್ಲ. ಖಾಲಿ ಮನೆ ಖಾಲಿಯೇ ಉಳಿಯುತ್ತದೆ. ಓನರ್ ಬಾಡಿಗೆ ಇಳಿಸಲು ಒಪ್ಪುವ ತಿಂಗಳು ಅದು. ನಿಮಗೂ ಆಷಾಢ ಬೇಡವೆಂದಾದರೆ ಮನೆ ಒಪ್ಪಿಕೊಂಡು, ಬಾಡಿಗೆ ಶ್ರಾವಣದಿಂದ ಎಂದು ಕೇಳಿ ನೋಡಿ.

12. ಅಡ್ವಾನ್ಸಿಗೂ ಬಡ್ಡಿ ಇದೆ

15,000 ಬಾಡಿಗೆಗೆ ಹತ್ತು ತಿಂಗಳ ಅಡ್ವಾನ್ಸ್ ಎಂದರೆ ಒಂದೂವರೆ ಲಕ್ಷ. ಶೇ 7ರ ಬಡ್ಡಿ ಹಿಡಿದರೂ ತಿಂಗಳಿಗೆ 875 ರೂಪಾಯಿ ಕಾಣದ ಬಾಡಿಗೆ. ಕೇಂದ್ರ ಸಂಪುಟ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಅಡ್ವಾನ್ಸ್ ಬೇಡ ಎನ್ನುತ್ತದೆ. ಅದು ಮಾದರಿ ಮಾತ್ರ, ಓನರ್ ಮುಂದೆ ಹಿಡಿದು ಜಗಳವಾಡುವ ಅಸ್ತ್ರವಲ್ಲ. ಆದರೆ ಹತ್ತನ್ನು ಐದಕ್ಕೆ ಇಳಿಸುವ ಮಾತಿಗೆ ಒಳ್ಳೆಯ ಪೀಠಿಕೆ.

13. ಭೋಗ್ಯಕ್ಕೆ ಹೋಗುವಾಗ ಮೂಲಪತ್ರ ಕೇಳಿ

ಎಂಟು ಹತ್ತು ಲಕ್ಷ ಒಟ್ಟಿಗೆ ಕೊಟ್ಟು, ಬಾಡಿಗೆಯಿಲ್ಲದೆ ಇದ್ದು, ಹೋಗುವಾಗ ದುಡ್ಡು ವಾಪಸ್ ಪಡೆಯುವ ಭೋಗ್ಯ ಅನೇಕ ಕುಟುಂಬಗಳಿಗೆ ಆಸರೆ. ಊರಿನ ಹೊಲ ಮಾರಿ, ಒಡವೆ ಅಡವಿಟ್ಟು ತಂದ ದುಡ್ಡು ಅದು. ಅದಕ್ಕೇ ಹೆದರಿಕೆ. ಓನರ್ ಆ ಮನೆಯ ಮೇಲೆ ಬ್ಯಾಂಕ್ ಸಾಲ ಮಾಡಿ ಕಂತು ಕಟ್ಟದಿದ್ದರೆ, ಒಂದು ದಿನ ಬ್ಯಾಂಕಿನವರು ಬಾಗಿಲಿಗೆ ನೋಟಿಸ್ ಅಂಟಿಸುತ್ತಾರೆ. ಕಾವೇರಿ ಪೋರ್ಟಲ್‌ನಲ್ಲಿ ಋಣಭಾರ ಪ್ರಮಾಣಪತ್ರ, ಅಂದರೆ ಇ.ಸಿ., ತೆಗೆಸಿ. ಅದಷ್ಟೇ ಸಾಲದು. ಕ್ರಯಪತ್ರದ ಮೂಲ ಪ್ರತಿ ತೋರಿಸಲು ಹೇಳಿ. ಬರೀ ಜೆರಾಕ್ಸ್ ಕೊಟ್ಟರೆ ಮೂಲ ಎಲ್ಲಿದೆ ಎಂದು ಕೇಳಲೇಬೇಕು, ಬ್ಯಾಂಕಿನಲ್ಲಿರಬಹುದು. ಎಲ್ಲ ಸರಿಯಿದ್ದರೆ ಕರಾರನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿ. ನೋಂದಣಿಗೆ ಒಪ್ಪದ ಓನರ್‌ಗೆ ಲಕ್ಷಗಳನ್ನು ಒಪ್ಪಿಸಬೇಡಿ.

14. ಕರಾರಿನಲ್ಲಿ ಬಣ್ಣದ ಮಾತೂ ಬರೆಯಿಸಿ

ಒಂದು ವರ್ಷ ಮೀರಿದ ಬಾಡಿಗೆ ಕರಾರಿಗೆ ನೋಂದಣಿ ಕಡ್ಡಾಯವಾದ್ದರಿಂದ ಹನ್ನೊಂದು ತಿಂಗಳ ಕರಾರು ಚಾಲ್ತಿಯಲ್ಲಿದೆ. ಖಾಲಿ ಮಾಡುವಾಗ ಪೇಂಟಿಂಗ್‌ಗೆಂದು ಎಷ್ಟು ಮುರಿದುಕೊಳ್ಳುತ್ತಾರೆ, ವರ್ಷಕ್ಕೆ ಬಾಡಿಗೆ ಶೇಕಡ ಎಷ್ಟು ಏರುತ್ತದೆ, ಎಷ್ಟು ತಿಂಗಳ ಮುಂಚೆ ಹೇಳಬೇಕು, ಅಡ್ವಾನ್ಸ್ ಎಷ್ಟು ದಿನದೊಳಗೆ ವಾಪಸ್: ಈ ನಾಲ್ಕೂ ಕಾಗದದಲ್ಲಿರಲಿ. ಸಾಮಾನು ಇಳಿಸುವ ಮುಂಚೆ ಗೋಡೆ, ನಲ್ಲಿ, ಬಾಗಿಲುಗಳ ಫೋಟೊ ತೆಗೆದು ಓನರ್‌ಗೆ ವಾಟ್ಸ್‌ಆ್ಯಪ್ ಮಾಡಿ.

15. ಮೀಟರ್ ನಿಮ್ಮದೇ ಇರಲಿ

ಬೆಸ್ಕಾಂನ ಪ್ರತ್ಯೇಕ ಆರ್.ಆರ್. ಸಂಖ್ಯೆ ಇರುವ ಮನೆಯಾದರೆ ಬಾಡಿಗೆಯವರಿಗೂ ಗೃಹಜ್ಯೋತಿ ಸಿಗುತ್ತದೆ: ಹಿಂದಿನ ಸರಾಸರಿ ಬಳಕೆಯ ಆಧಾರದಲ್ಲಿ 200 ಯೂನಿಟ್‌ವರೆಗೆ ಬಿಲ್ ಇಲ್ಲ. ಓನರ್ ಮೀಟರಿನಿಂದ ಸಬ್‌ಮೀಟರ್ ಎಳೆದಿದ್ದರೆ ಅವರು ಹೇಳಿದ ದರವೇ ದರ. ಹಿಂದಿನ ಬಾಡಿಗೆದಾರರ ಆಧಾರ್ ಇನ್ನೂ ಆ ಸಂಖ್ಯೆಗೆ ಜೋಡಣೆಯಾಗಿದ್ದರೆ ಮೊದಲು ಬಿಡಿಸಬೇಕು. ಬಿಟ್ಟು ಬಂದ ಮನೆಯಿಂದ ನಿಮ್ಮದನ್ನೂ ಬಿಡಿಸಿ, ಹೊಸ ಮೀಟರಿಗೆ ಸೇವಾಸಿಂಧುವಿನಲ್ಲಿ ಜೋಡಿಸಿ. ಕೀಲಿಕೈ ಪಡೆದ ದಿನವೇ ಮೀಟರಿನ ರೀಡಿಂಗ್ ಬರೆದಿಟ್ಟುಕೊಳ್ಳಿ.